ಮೊದಲ ಬ್ಯಾಕ್‌ಲಾಗ್: ಏನನ್ನು ಹೊರಗಿಡುತ್ತೀರಿ?

ಹೊಸ ಪ್ರಾಡಕ್ಟ್ ಶುರು ಮಾಡುವ ಟೀಮ್ ಜೊತೆ ಕೂತ ಕೂಡಲೇ ನನ್ನ ಮುಂದೆ ಸಾಮಾನ್ಯವಾಗಿ ಒಂದು ಎಕ್ಸೆಲ್ ಶೀಟ್ ಬರುತ್ತದೆ. ಹನುಮಂತನ ಬಾಲದಂಥ ಪಟ್ಟಿ. ಪ್ರಾಡಕ್ಟ್‌ಗಾಗಿ ಮಾಡಬೇಕಾದ ಕೆಲಸಗಳ ಈ ಪಟ್ಟಿಯನ್ನೇ ಬ್ಯಾಕ್‌ಲಾಗ್ ಎನ್ನುವುದು. ಪ್ರತಿ ಸಾಲಿನ ಪಕ್ಕ ‘ಪ್ರಯಾರಿಟಿ’ ಅಂತ ಒಂದು ಕಾಲಂ. ಅದರಲ್ಲಿ ಮುಕ್ಕಾಲು ಪಾಲು ‘ಹೈ’. ಪ್ರಾಡಕ್ಟ್‌ನಲ್ಲಿ ಏನಿರಬೇಕು ಎಂದು ತೀರ್ಮಾನಿಸುವ ಪ್ರಾಡಕ್ಟ್ ಓನರ್ ಒಬ್ಬರೇ ಕೂತು, ಎಲ್ಲ ವಿಭಾಗದವರಿಂದ ಇಮೇಲ್ ತರಿಸಿಕೊಂಡು, ಒಂದನ್ನೂ ಬಿಡದೆ ಸೇರಿಸಿರುತ್ತಾರೆ. ‘ಬ್ಯಾಕ್‌ಲಾಗ್ ರೆಡಿ ಇದೆ. ಟೀಮ್ ಎಸ್ಟಿಮೇಟ್ ಹಾಕಿಬಿಟ್ಟರೆ ರಿಲೀಸ್ ಡೇಟ್ ಸಿಕ್ಕಿಬಿಡುತ್ತೆ’ ಎನ್ನುತ್ತಾರೆ.

ಅವರು ಪಟ್ಟ ಶ್ರಮ ಕಡಿಮೆಯದಲ್ಲ. ಆದರೆ ಆ ಶೀಟ್‌ನಲ್ಲಿ ಮುಖ್ಯವಾದ ಕೆಲಸವೇ ಆಗಿರುವುದಿಲ್ಲ. ಯಾವುದನ್ನು ಈಗ ಮಾಡುವುದಿಲ್ಲ ಎಂದು ಯಾರೂ ತೀರ್ಮಾನಿಸಿರುವುದಿಲ್ಲ. ನನ್ನ ಮಟ್ಟಿಗೆ ಮೊದಲ ಬ್ಯಾಕ್‌ಲಾಗ್ ಕಟ್ಟುವುದು ಎಂದರೆ ಇಡೀ ಟೀಮ್ ಒಟ್ಟಿಗೆ ಕೂತು ಆ ತೀರ್ಮಾನ ಮಾಡುವುದು. ರಿಲೀಸ್ ಪ್ಲ್ಯಾನ್ ಹುಟ್ಟುವುದು ಅಲ್ಲಿಂದ. ಹೊರಗಿಡುವ ಮಾತು ಆಡದೆ ಡೇಟ್ ಕೇಳಿದರೆ ಸಿಗುವುದು ಬಾಯಿಗೆ ಬಂದ ಡೇಟ್ ಮಾತ್ರ.

‘ಅಜೈಲ್ ಅಂದಮೇಲೆ ಪ್ಲ್ಯಾನ್ ಯಾಕೆ?’ ಎಂದು ಕೇಳುವವರು ಈಗಲೂ ಇದ್ದಾರೆ. ಅಜೈಲ್ ಎಂದರೆ ಸಾಫ್ಟ್‌ವೇರನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡುತ್ತಾ, ನಡುವೆ ಬದಲಾವಣೆಗೆ ಜಾಗ ಬಿಡುವ ಕ್ರಮ. ಅಜೈಲ್ ಮ್ಯಾನಿಫೆಸ್ಟೊ ಬರೆದದ್ದು 2001ರ ಫೆಬ್ರವರಿಯಲ್ಲಿ, ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ್ದ 17 ಜನ. ಪ್ಲ್ಯಾನಿಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಹೊಂದಿಕೊಳ್ಳುವುದಕ್ಕೆ ಬೆಲೆ ಜಾಸ್ತಿ ಎಂದರು. ಪ್ಲ್ಯಾನಿಗೂ ಬೆಲೆ ಇದೆ ಎಂದು ಅದೇ ಪುಟದಲ್ಲಿ ಬರೆದಿದ್ದಾರೆ. ಕೊನೆಯ ಸಾಲಿನವರೆಗೆ ಓದುವ ತಾಳ್ಮೆ ಇರಬೇಕಷ್ಟೆ. ಇನ್ನು ಸ್ಕ್ರಮ್ ಎಂಬ ಅಜೈಲ್ ಪದ್ಧತಿಯ ಕೈಪಿಡಿ, ಸ್ಕ್ರಮ್ ಗೈಡ್ ವಿಷಯ. 2010ರ ಆವೃತ್ತಿಯಲ್ಲಿ ರಿಲೀಸ್ ಪ್ಲ್ಯಾನಿಂಗ್ ಮೀಟಿಂಗ್ ಇತ್ತು. ಗೈಡ್‌ನ ಲೇಖಕರಾದ ಕೆನ್ ಶ್ವಾಬರ್ ಮತ್ತು ಜೆಫ್ ಸದರ್ಲ್ಯಾಂಡ್ 2011ರಲ್ಲಿ ಅದನ್ನು ತೆಗೆದರು. ಮಾಡಿದರೆ ಒಳ್ಳೆಯದೇ, ಆದರೆ ಸ್ಕ್ರಮ್ ನಡೆಸಲು ಕಡ್ಡಾಯವಲ್ಲ ಎಂಬುದು ಅವರ ಕಾರಣ. ಗೈಡ್‌ನಲ್ಲಿ ಇಲ್ಲ ಎಂದು ಮಾಡುವುದನ್ನೇ ಬಿಟ್ಟ ಟೀಮ್‌ಗಳನ್ನು ನೋಡಿದ್ದೇನೆ. ಸ್ಪ್ರಿಂಟ್ (ಕೆಲವು ವಾರಗಳ ಕೆಲಸದ ಸುತ್ತು) ಮೇಲೆ ಸ್ಪ್ರಿಂಟ್ ಓಡುತ್ತಿರುತ್ತದೆ. ಎಲ್ಲಿಗೆ ಎಂದು ಕೇಳಿದರೆ ಅಡ್ಡಗೋಡೆ ಮೇಲೆ ದೀಪ ಇಟ್ಟಂಥ ಉತ್ತರ.

ಒಂದು ಉದಾಹರಣೆ ಹಿಡಿದುಕೊಂಡೇ ಮಾತಾಡೋಣ. ಹಲವು ಡಾಕ್ಟರ್‌ಗಳಿರುವ ಒಂದು ಕ್ಲಿನಿಕ್. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಲು ಆ್ಯಪ್ ಬೇಕು. ಶೀಟ್‌ನಲ್ಲಿ ಎಲ್ಲವೂ ಇದೆ: ಬುಕಿಂಗ್, ಪೇಮೆಂಟ್, ವಿಡಿಯೊ ಕಾಲ್, ಲ್ಯಾಬ್ ರಿಪೋರ್ಟ್, ಡಾಕ್ಟರ್‌ಗೆ ಸ್ಟಾರ್ ಕೊಡುವುದು, ಔಷಧಿ ನೆನಪಿಸುವುದು. ನಾನು ಶೀಟನ್ನು ಪಕ್ಕಕ್ಕಿಟ್ಟು ಮೊದಲು ಕೇಳುವುದು ಇಷ್ಟೇ. ಈ ರಿಲೀಸ್ ಆದ ಮೇಲೆ ಕ್ಲಿನಿಕ್‌ನಲ್ಲಿ ಏನು ಬದಲಾಗಿರಬೇಕು? ‘ಪೇಷಂಟ್‌ಗಳಿಗೆ ಒಳ್ಳೆಯ ಅನುಭವ’ ಎಂದರೆ ಒಪ್ಪುವುದಿಲ್ಲ. ಅಂಥ ಮಾತಿನಿಂದ ಒಂದು ಫೀಚರನ್ನೂ ಹೊರಗಿಡಲು ಆಗುವುದಿಲ್ಲ. ಎಳೆದಾಡಿ ಎಳೆದಾಡಿ ಕೊನೆಗೆ ಒಂದು ವಾಕ್ಯ ಹೊರಬರುತ್ತದೆ: ‘ರಿಸೆಪ್ಷನ್‌ಗೆ ಬರುವ ಫೋನ್ ಕಾಲ್‌ಗಳು ಅರ್ಧಕ್ಕೆ ಇಳಿಯಬೇಕು.’ ಈಗ ವಿಡಿಯೊ ಕಾಲ್, ಸ್ಟಾರ್, ಲ್ಯಾಬ್ ರಿಪೋರ್ಟ್ ಮೂರೂ ತಾವಾಗಿಯೇ ಹಿಂದಕ್ಕೆ ಸರಿಯುತ್ತವೆ. 2020ರ ಸ್ಕ್ರಮ್ ಗೈಡ್‌ನಲ್ಲಿ ಪ್ರಾಡಕ್ಟ್ ಗೋಲ್ ಎಂಬುದನ್ನು ಹೊಸದಾಗಿ ಸೇರಿಸಿ ಬ್ಯಾಕ್‌ಲಾಗ್‌ಗೆ ಕಟ್ಟಿಹಾಕಿದರು. ಆ ಬದಲಾವಣೆ ನನಗೆ ತುಂಬಾ ಇಷ್ಟ. ಗುರಿ ಇಲ್ಲದ ಬ್ಯಾಕ್‌ಲಾಗ್‌ನಲ್ಲಿ ಎಲ್ಲ ಸಾಲೂ ಹೈ ಆಗಿರುತ್ತದೆ, ಅದರಲ್ಲಿ ಆಶ್ಚರ್ಯವೇನಿಲ್ಲ.

ರೂಮಿನಲ್ಲಿ ಯಾರಿರಬೇಕು? ಡೆವಲಪರ್‌ಗಳು, ಟೆಸ್ಟರ್‌ಗಳು, ಡಿಸೈನರ್, ಪ್ರಾಡಕ್ಟ್ ಓನರ್, ಸರ್ವರ್ ನೋಡಿಕೊಳ್ಳುವವರು. ಜೊತೆಗೆ ಆ ಕೆಲಸವನ್ನು ಈಗ ಕೈಯಿಂದ ಮಾಡುತ್ತಿರುವ ಒಬ್ಬರಾದರೂ ಬೇಕು. ನಮ್ಮ ಉದಾಹರಣೆಯಲ್ಲಿ ಫೋನ್ ಎತ್ತುವ ರಿಸೆಪ್ಷನಿಸ್ಟ್. ‘ಅವರಿಗೆ ಅಜೈಲ್ ಗೊತ್ತಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಗೊತ್ತಿರಬೇಕಾಗಿಲ್ಲ. ಫೋನಿನಲ್ಲಿ ಜನ ಏನು ಕೇಳುತ್ತಾರೆ ಎಂದು ಗೊತ್ತಿದ್ದರೆ ಸಾಕು. ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತು ನಡುನಡುವೆ ತಲೆ ಎತ್ತಿ ‘ಇದು ಮಾರ್ಚ್‌ಗೆ ಆಗುತ್ತಲ್ವಾ?’ ಎನ್ನುವ ಮ್ಯಾನೇಜರ್ ಮಾತ್ರ ಬೇಡ. ಕೂತರೆ ಪೂರ್ತಿ ಕೂರಬೇಕು, ಇಲ್ಲವಾದರೆ ಸಂಜೆ ಬಂದು ನೋಡಿದರೆ ಸಾಕು.

ಗೋಡೆಯ ಮೇಲೆ ಕೆಲಸ ಶುರು. ಜೆಫ್ ಪ್ಯಾಟನ್ ಜನಪ್ರಿಯಗೊಳಿಸಿದ ಸ್ಟೋರಿ ಮ್ಯಾಪಿಂಗ್ ಎಂಬ ವಿಧಾನವನ್ನೇ ನಾನು ಬಳಸುವುದು. ಬಳಸುವವರು ಏನೇನು ಮಾಡುತ್ತಾರೋ ಅದನ್ನು ಎಡದಿಂದ ಬಲಕ್ಕೆ, ನಡೆಯುವ ಕ್ರಮದಲ್ಲಿ ಸ್ಟಿಕಿ ನೋಟ್‌ಗಳಲ್ಲಿ ಅಂಟಿಸಬೇಕು. ಡಾಕ್ಟರ್ ಹುಡುಕುವುದು, ಸ್ಲಾಟ್ ಆರಿಸುವುದು, ಬುಕ್ ಮಾಡುವುದು, ನೆನಪಿಸುವ ಮೆಸೇಜ್ ಬರುವುದು, ಬದಲಾಯಿಸುವುದು ಇಲ್ಲವೇ ಕ್ಯಾನ್ಸಲ್ ಮಾಡುವುದು, ಕ್ಲಿನಿಕ್‌ಗೆ ಬರುವುದು. ಇದು ಬೆನ್ನೆಲುಬು. ಪ್ರತಿ ಹೆಜ್ಜೆಯ ಕೆಳಗೆ ಅದಕ್ಕೆ ಸೇರಿದ ಸ್ಟೋರಿಗಳು, ಅಂದರೆ ಬಳಸುವವರಿಗೆ ಏನು ಮಾಡಲು ಆಗಬೇಕು ಎಂದು ಹೇಳುವ ಸಣ್ಣ ಸಣ್ಣ ಕೆಲಸಗಳು, ಬರುತ್ತವೆ. ತೀರಾ ಬೇಕಾದದ್ದು ಮೇಲೆ, ಇದ್ದರೆ ಚೆನ್ನ ಎನ್ನುವಂಥದ್ದು ಕೆಳಗೆ. ಎಕ್ಸೆಲ್ ಪಟ್ಟಿಯಲ್ಲಿ 47ನೇ ಸಾಲಿಗೂ 112ನೇ ಸಾಲಿಗೂ ಏನು ಸಂಬಂಧ ಎಂದು ಕಾಣುವುದಿಲ್ಲ. ಗೋಡೆಯ ಮೇಲೆ ಎಲ್ಲಿ ಖಾಲಿ ಇದೆ ಎಂದು ದೂರದಿಂದಲೇ ಕಾಣುತ್ತದೆ.

ಖಾಲಿ ಜಾಗ ಹಿಡಿಯುವುದು ಹೆಚ್ಚಾಗಿ ಹೊರಗಿನವರು. ನಮ್ಮ ಗೋಡೆ ಮುಂದೆ ರಿಸೆಪ್ಷನಿಸ್ಟ್ ಸುಮ್ನೆ ನಿಂತು ನೋಡುತ್ತಿರುತ್ತಾರೆ ಎಂದುಕೊಳ್ಳಿ. ‘ಇದೆಲ್ಲ ಸರಿ, ಆದ್ರೆ ನನಗೆ ಬರೋ ಕಾಲ್ ಇದ್ಯಾವುದೂ ಅಲ್ಲ’ ಎನ್ನುತ್ತಾರೆ. ‘ಮತ್ತೆ?’ ‘ಡಾಕ್ಟರ್ ಬಂದ್ರಾ, ಎಷ್ಟು ಲೇಟು, ಈಗ ಹೊರಟ್ರೆ ಸರಿ ಹೋಗುತ್ತಾ ಅಂತ ಕೇಳೋರೇ ಜಾಸ್ತಿ.’ ರೂಮಿನಲ್ಲಿ ಒಂದು ಕ್ಷಣ ಮೌನ. ಅಷ್ಟುದ್ದದ ಶೀಟ್‌ನಲ್ಲಿ ಡಾಕ್ಟರ್ ತಡವಾದರೆ ಮೆಸೇಜ್ ಕಳಿಸುವ ಸಾಲೇ ಇರುವುದಿಲ್ಲ. ಅಷ್ಟೂ ಜನ ಫೀಚರ್ ಕೇಳಿದ್ದರು, ಫೋನ್ ಎತ್ತುವವರನ್ನು ಯಾರೂ ಕೇಳಿರಲಿಲ್ಲ. ಫೋನ್ ಕಾಲ್ ಅರ್ಧಕ್ಕೆ ಇಳಿಸುವುದು ಗುರಿಯಾದರೆ ಈ ಒಂದು ನೋಟ್ ನೇರ ಮೇಲಿನ ಸಾಲಿಗೆ ಹೋಗುತ್ತದೆ. ಒಟ್ಟಿಗೆ ಕೂರಬೇಕು ಎಂದು ನಾನು ಹಟ ಹಿಡಿಯುವುದು ಇಂಥದ್ದಕ್ಕೇ.

ಆಮೇಲೆ ಗೋಡೆಗೆ ಅಡ್ಡವಾಗಿ ಒಂದು ಟೇಪ್ ಅಂಟಿಸುತ್ತೇವೆ. ಅದರ ಮೇಲಿನದು ಮೊದಲ ರಿಲೀಸ್. ನಿಜವಾದ ಜಗಳ ಶುರುವಾಗುವುದು ಇಲ್ಲಿ. ಎಲ್ಲರೂ ತಮ್ಮ ನೋಟ್ ಮೇಲಿರಬೇಕು ಎನ್ನುತ್ತಾರೆ. ಮಾಸ್ಕೊ ಎಂಬ ವಿಧಾನ ನಿಮಗೆ ಗೊತ್ತಿರಬಹುದು. ಮಸ್ಟ್ (ಬೇಕೇ ಬೇಕು), ಶುಡ್ (ಇರಬೇಕು), ಕುಡ್ (ಇದ್ದರೆ ಚೆನ್ನ), ವೋಂಟ್ (ಈಗ ಬೇಡ) ಎಂದು ನಾಲ್ಕು ಗುಂಪು ಮಾಡುವುದು. 1994ರಲ್ಲಿ ಆರಕಲ್ ಕಂಪನಿಯಲ್ಲಿದ್ದ ಡೈ ಕ್ಲೆಗ್ ರೂಪಿಸಿದ್ದು. ಅದನ್ನು ಅಳವಡಿಸಿಕೊಂಡ ಡಿಎಸ್‌ಡಿಎಂ ಎಂಬ ಅಜೈಲ್ ಪದ್ಧತಿಯಲ್ಲಿ ಒಂದು ಎಚ್ಚರಿಕೆಯೂ ಇದೆ: ಮಸ್ಟ್ ಗುಂಪಿನ ಕೆಲಸ ಒಟ್ಟು ಶ್ರಮದ ಶೇ 60 ದಾಟಬಾರದು. ಹೆಚ್ಚಿನವರು ನಾಲ್ಕು ಅಕ್ಷರ ಕಲಿತರು, ಶೇ 60 ಮರೆತರು. ಹಾಗಾಗಿ ನಾನು ಟೇಪ್ ಅಂಟಿಸುವ ಹೊತ್ತಿಗೆ ಆ ಪದಗಳನ್ನೇ ತರುವುದಿಲ್ಲ. ಪ್ರತಿ ನೋಟ್‌ಗೂ ಒಂದೇ ಪ್ರಶ್ನೆ: ‘ಇದು ಇಲ್ಲದೆ ಮೊದಲ ದಿನ ಹೇಗೆ ನಡೆಸುತ್ತೀರಿ?’ ‘ನಡೆಸೋಕೇ ಆಗಲ್ಲ’ ಎಂದರೆ ಮೇಲೆ. ‘ಒಂದೆರಡು ತಿಂಗಳು ಕೈಯಲ್ಲೇ ಮಾಡಬಹುದು’ ಎಂದರೆ ಕೆಳಗೆ.

ಆನ್‌ಲೈನ್ ಪೇಮೆಂಟ್ ಹೀಗೆಯೇ ಕೆಳಗೆ ಹೋಗುತ್ತದೆ. ಜನ ಈಗಲೂ ಕೌಂಟರ್‌ನಲ್ಲಿ ದುಡ್ಡು ಕಟ್ಟುತ್ತಿದ್ದಾರೆ, ಇನ್ನೊಂದಷ್ಟು ದಿನ ಕಟ್ಟುತ್ತಾರೆ. ಅಪಾಯಿಂಟ್‌ಮೆಂಟ್ ಬದಲಾಯಿಸುವುದೂ ಕೆಳಗೆ. ಕ್ಯಾನ್ಸಲ್ ಮಾಡಿ ಮತ್ತೆ ಬುಕ್ ಮಾಡಿದರೆ ಅದೇ ಕೆಲಸ ಆಯಿತು. ಆದರೆ ಒಂದು ಎಚ್ಚರ ಬೇಕು. ಟೇಪಿನ ಮೇಲೆ ಎಡದಿಂದ ಬಲಕ್ಕೆ ಪ್ರತಿ ಹೆಜ್ಜೆಯಲ್ಲೂ ತೆಳ್ಳಗಾದರೂ ಏನಾದರೊಂದು ಇರಬೇಕು. ಡಾಕ್ಟರ್ ಹುಡುಕುವ ಸ್ಕ್ರೀನ್ ಮಾತ್ರ ಅದ್ಭುತವಾಗಿ ಮಾಡಿ, ಬುಕಿಂಗ್ ಎರಡನೇ ರಿಲೀಸ್‌ಗೆ ಎಂದರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಇದಕ್ಕೂ ಮೊದಲು, ಮೊದಲನೇ ಸ್ಪ್ರಿಂಟ್‌ನಲ್ಲೇ, ಒಬ್ಬ ಡಾಕ್ಟರ್, ಒಂದು ಸ್ಲಾಟ್, ಒಂದು ಮೆಸೇಜ್ ಇಷ್ಟನ್ನು ಸ್ಕ್ರೀನ್‌ನಿಂದ ಡೇಟಾಬೇಸ್‌ವರೆಗೆ ಒಮ್ಮೆ ಓಡಿಸಿಬಿಡುವುದು ಒಳ್ಳೆಯದು. ಅಲಿಸ್ಟೇರ್ ಕಾಬರ್ನ್ ಇದನ್ನು ವಾಕಿಂಗ್ ಸ್ಕೆಲಿಟನ್ ಎಂದು ಕರೆದರು. ಹೊರಗಿನ ಸಿಸ್ಟಮ್‌ಗಳು ನಮ್ಮದಕ್ಕೆ ಕೂಡುತ್ತವೋ ಇಲ್ಲವೋ ಎಂಬುದು ಆಗಲೇ ಗೊತ್ತಾಗುತ್ತದೆ. ಎಂಟನೇ ಸ್ಪ್ರಿಂಟ್‌ನಲ್ಲಿ ಗೊತ್ತಾದರೆ ತಲೆ ಮೇಲೆ ಕೈ.

ಸ್ಟೋರಿ ಬರೆಯುವ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಡೇಟಾಬೇಸ್ ಟೇಬಲ್ ಮಾಡುವುದು’, ‘ಎಪಿಐ ಬರೆಯುವುದು’, ‘ಸ್ಕ್ರೀನ್ ಮಾಡುವುದು’ ಎಂದು ಪದರ ಪದರವಾಗಿ ಒಡೆಯಬೇಡಿ. ಮೂರೂ ಮುಗಿಯುವವರೆಗೆ ಪೇಷಂಟ್‌ಗೆ ಏನೂ ಸಿಗುವುದಿಲ್ಲ, ನಡುವೆ ಯಾವುದನ್ನೂ ಬಿಡಲೂ ಆಗುವುದಿಲ್ಲ. 2003ರಲ್ಲಿ ಬಿಲ್ ವೇಕ್ ಕೊಟ್ಟ ಇನ್ವೆಸ್ಟ್ ಎಂಬ ಆರಕ್ಷರದ ಪರೀಕ್ಷೆ ಇಂದಿಗೂ ಸಾಕು: ಸ್ಟೋರಿ ಸ್ವತಂತ್ರವಾಗಿರಬೇಕು, ಚರ್ಚೆಗೆ ಜಾಗ ಇರಬೇಕು, ಬೆಲೆಯುಳ್ಳದ್ದಾಗಿರಬೇಕು, ಅಂದಾಜಿಗೆ ಸಿಗಬೇಕು, ಸಣ್ಣದಿರಬೇಕು, ಪರೀಕ್ಷಿಸಲು ಬರಬೇಕು. ಇನ್ನೊಂದು ಮಾತು ರಾನ್ ಜೆಫ್ರಿಸ್ ಅವರದು, 2001ರದ್ದು: ಕಾರ್ಡ್, ಮಾತುಕತೆ, ಖಾತ್ರಿ. ಕಾರ್ಡ್ ಮೇಲೆ ಇಡೀ ಪುರಾಣ ಬರೆಯಬೇಕಿಲ್ಲ. ಮಾತಾಡಬೇಕು ಎಂದು ನೆನಪಿಸಿದರೆ ಅದರ ಕೆಲಸ ಆಯಿತು.

ಆ ಮಾತುಕತೆ ಚೆನ್ನಾಗಿ ನಡೆಯುವುದು ಎಸ್ಟಿಮೇಟ್ ಹಾಕುವಾಗ. ಪ್ಲ್ಯಾನಿಂಗ್ ಪೋಕರ್ 2002ರಲ್ಲಿ ಜೇಮ್ಸ್ ಗ್ರೆನಿಂಗ್ ಕೊಟ್ಟದ್ದು, ಆಮೇಲೆ ಮೈಕ್ ಕೋನ್ ಅದನ್ನು ಎಲ್ಲೆಡೆ ಹರಡಿದರು. ಸ್ಟೋರಿಗೆ ಎಷ್ಟು ಶ್ರಮ ಎಂದು ಹೇಳುವ ಸಂಖ್ಯೆ (ಪಾಯಿಂಟ್) ಇರುವ ಕಾರ್ಡನ್ನು ಎಲ್ಲರೂ ಮುಚ್ಚಿಟ್ಟು ಒಟ್ಟಿಗೆ ತೋರಿಸಬೇಕು. ಹಿರಿಯರೊಬ್ಬರು ಮೊದಲೇ ‘ಮೂರು’ ಎಂದುಬಿಟ್ಟರೆ ಉಳಿದವರ ತಲೆಯಲ್ಲೂ ಮೂರೇ ಕೂರುತ್ತದೆ, ಅದಕ್ಕೇ ಈ ಏರ್ಪಾಡು. ‘ಪೇಷಂಟ್ ತನ್ನ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಬಹುದು’ ಎಂಬ ಸ್ಟೋರಿ ಬಂತು ಅನ್ನಿ. ಡೆವಲಪರ್ ಕೈಯಲ್ಲಿ 2. ಟೆಸ್ಟರ್ ಕೈಯಲ್ಲಿ 13. ಎತ್ತು ಏರಿಗೆ, ಕೋಣ ನೀರಿಗೆ.

‘ಒಂದು ಬಟನ್, ಒಂದು ಸ್ಟೇಟಸ್ ಬದಲಾವಣೆ. ಇದರಲ್ಲಿ 13 ಎಲ್ಲಿಂದ ಬಂತು?’

‘ಟೈಮ್‌ಗೆ ಹತ್ತು ನಿಮಿಷ ಇರುವಾಗ ಕ್ಯಾನ್ಸಲ್ ಮಾಡಿದ್ರೆ? ದುಡ್ಡು ಕಟ್ಟಿದ್ರೆ ವಾಪಸ್ ಯಾರು ಕೊಡ್ತಾರೆ? ಕ್ಯಾನ್ಸಲ್ ಆದ ಸ್ಲಾಟ್ ಬೇರೆಯವರಿಗೆ ತಕ್ಷಣ ಕಾಣಬೇಕಾ? ವೇಟಿಂಗ್ ಲಿಸ್ಟ್‌ನಲ್ಲಿ ಇರೋರಿಗೆ ಮೆಸೇಜ್ ಹೋಗಬೇಕಾ?’

ಪ್ರಾಡಕ್ಟ್ ಓನರ್ ಯೋಚಿಸಿ ಹೇಳುತ್ತಾರೆ: ‘ಪೇಮೆಂಟ್ ಟೇಪಿನ ಕೆಳಗಿದೆ, ಹಾಗಾಗಿ ವಾಪಸ್ ಕೊಡುವ ಮಾತಿಲ್ಲ. ವೇಟಿಂಗ್ ಲಿಸ್ಟೂ ಈಗ ಬೇಡ. ಎರಡು ಗಂಟೆಗಿಂತ ಕಡಿಮೆ ಟೈಮ್ ಇದ್ರೆ ರಿಸೆಪ್ಷನ್‌ಗೆ ಫೋನ್ ಮಾಡಿ ಅಂತ ತೋರಿಸಿ.’ ‘ಕೊನೆ ಗಳಿಗೆಯಲ್ಲಿ ಕ್ಯಾನ್ಸಲ್ ಮಾಡೋರು ಕಡಿಮೆ, ನಾವು ನೋಡ್ಕೋತೀವಿ’ ಎಂದು ರಿಸೆಪ್ಷನಿಸ್ಟ್ ದನಿಗೂಡಿಸುತ್ತಾರೆ. ಎರಡನೇ ಸುತ್ತಿನಲ್ಲಿ ಎಲ್ಲರ ಕಾರ್ಡ್ 3 ಅಥವಾ 5. ಐದಕ್ಕೆ ಒಪ್ಪಿಗೆ. ಇಲ್ಲಿ ನಡೆದದ್ದನ್ನು ಗಮನಿಸಿ. ಎಸ್ಟಿಮೇಟ್ ನೆಪದಲ್ಲಿ ಇನ್ನೂ ಎರಡು ಸಂಗತಿ ಹೊರಗೆ ಹೋದವು. ಟೆಸ್ಟರ್‌ನ 13 ತಪ್ಪು ಎಣಿಕೆಯಾಗಿರಲಿಲ್ಲ. ಅವರ ತಲೆಯಲ್ಲಿದ್ದ ಸ್ಟೋರಿಯೇ ದೊಡ್ಡದಿತ್ತು. ಅದನ್ನು ಬಿಚ್ಚಿಡಲು ಅವಕಾಶ ಕೊಡದೆ 2 ಮತ್ತು 13ರ ಸರಾಸರಿ ತೆಗೆದು ಮುಂದೆ ಹೋಗುವವರಿಗೆ ಏನು ಹೇಳಬೇಕೋ ತಿಳಿಯದು.

ಟೇಪಿನ ಕೆಳಗಿರುವುದಕ್ಕೆ ನಾನು ಎಸ್ಟಿಮೇಟ್ ಹಾಕಿಸುವುದಿಲ್ಲ. ಯಾರಾದರೂ ತುಂಬಾ ಒತ್ತಾಯ ಮಾಡಿದರೆ ಟಿ-ಶರ್ಟ್ ಸೈಜ್ ಅಷ್ಟೇ: ಎಸ್, ಎಂ, ಎಲ್. ಆರು ತಿಂಗಳ ನಂತರ ಮಾಡುತ್ತೇವೋ ಇಲ್ಲವೋ ಗೊತ್ತಿಲ್ಲದ ಕೆಲಸಕ್ಕೆ ಇಡೀ ಟೀಮ್ ಅರ್ಧ ದಿನ ಕಳೆಯುವುದು ಯಾವ ಲೆಕ್ಕ?

ಪೇಷಂಟ್ ಕಣ್ಣಿಗೆ ಕಾಣದ ಕೆಲಸಗಳೂ ಗೋಡೆಗೆ ಬರಬೇಕು. ಇದನ್ನು ಮರೆಯುವವರೇ ಜಾಸ್ತಿ. ಮೆಸೇಜ್ ಕಳಿಸುವ ಕಂಪನಿಯ ಜೊತೆ ಒಪ್ಪಂದ, ಅವರ ಅನುಮತಿ. ಹಳೆಯ ಸಾಫ್ಟ್‌ವೇರ್‌ನಲ್ಲಿರುವ ಪೇಷಂಟ್ ವಿವರ ಹೊಸದಕ್ಕೆ ತರುವುದು. ಸೆಕ್ಯೂರಿಟಿ ಟೆಸ್ಟ್. ಆ್ಯಪ್ ಸ್ಟೋರ್ ಒಪ್ಪಿಗೆ. ಇವುಗಳಲ್ಲಿ ಕೆಲವಕ್ಕೆ ನಮ್ಮ ಶ್ರಮ ಕಡಿಮೆ, ಕಾಯುವ ಸಮಯ ಜಾಸ್ತಿ. ಪಾಯಿಂಟ್‌ನಲ್ಲಿ 1 ಇರುವ ಕೆಲಸ ಕ್ಯಾಲೆಂಡರ್‌ನಲ್ಲಿ ಮೂರು ವಾರ ತಿನ್ನಬಹುದು. ಅಂಥದ್ದಕ್ಕೆ ಬೇರೆ ಬಣ್ಣದ ನೋಟ್ ಹಾಕಿ ಮೊದಲ ಸ್ಪ್ರಿಂಟ್‌ನಲ್ಲೇ ಅರ್ಜಿ ಹೋಗುವಂತೆ ನೋಡಿಕೊಳ್ಳುತ್ತೇನೆ.

ಈಗ ಡೇಟ್ ಮಾತು. ಟೇಪಿನ ಮೇಲಿನ ಸ್ಟೋರಿಗಳೆಲ್ಲ ಸೇರಿ 120 ಪಾಯಿಂಟ್ ಆಯಿತು ಎಂದುಕೊಳ್ಳಿ. ಎರಡು ವಾರದ ಸ್ಪ್ರಿಂಟ್. ಟೀಮ್ ಹೊಸದು, ವೆಲಾಸಿಟಿ (ಒಂದು ಸ್ಪ್ರಿಂಟ್‌ನಲ್ಲಿ ಮುಗಿಸುವ ಪಾಯಿಂಟ್) ಗೊತ್ತಿಲ್ಲ. ಮೊದಲಿಗೆ ಒಂದು ಸುಳ್ಳು ಸ್ಪ್ರಿಂಟ್ ಪ್ಲ್ಯಾನಿಂಗ್ ಮಾಡಿ ನೋಡುತ್ತೇವೆ. ಮೇಲಿನ ಸ್ಟೋರಿಗಳನ್ನು ಒಂದೊಂದಾಗಿ ಟಾಸ್ಕ್‌ಗಳಿಗೆ ಒಡೆದು, ‘ಇನ್ನು ಸಾಕು, ಎರಡು ವಾರಕ್ಕೆ ಇಷ್ಟೇ’ ಎಂದು ಟೀಮ್ ಹೇಳುವವರೆಗೆ ತುಂಬುವುದು. ಅದರಿಂದ ಒಂದು ಒರಟು ಸಂಖ್ಯೆ ಸಿಗುತ್ತದೆ. ಮೂರು ಸ್ಪ್ರಿಂಟ್ ಮುಗಿದ ಮೇಲೆ ಅದನ್ನು ಎಸೆದು ನಿಜವಾದ ಸಂಖ್ಯೆ ಹಿಡಿಯಬೇಕು. ಹಿಂದೆ ಒಟ್ಟಿಗೆ ಕೆಲಸ ಮಾಡಿದ ಟೀಮ್ ಆದರೆ ಹಳೆಯ ಲೆಕ್ಕ ಇರುತ್ತದೆ, ಈ ಕಸರತ್ತು ಬೇಕಿಲ್ಲ.

ನಿಜವಾದ ಮೂರು ಸ್ಪ್ರಿಂಟ್‌ಗಳ ವೆಲಾಸಿಟಿ 14, 19, 16 ಎಂದಿರಲಿ. ಸರಾಸರಿ ತೆಗೆದು 120ನ್ನು ಭಾಗಿಸಿ ಒಂದು ಡೇಟ್ ಹೇಳಿಬಿಡುವುದು ಸುಲಭ. ನಾನು ಬೇಡ ಎನ್ನುತ್ತೇನೆ. 19ರಿಂದ ಭಾಗಿಸಿದರೆ 7 ಸ್ಪ್ರಿಂಟ್, 14ರಿಂದ ಭಾಗಿಸಿದರೆ 9. ಅಂದರೆ 14ರಿಂದ 18 ವಾರ. ಆದರೆ ಬ್ಯಾಕ್‌ಲಾಗ್ 120ರಲ್ಲೇ ನಿಲ್ಲುತ್ತದೆಯೇ? ಕೆಲಸ ಮಾಡುತ್ತಾ ಹೋದಂತೆ ಹೊಸ ಸ್ಟೋರಿ ಹುಟ್ಟುತ್ತವೆ, ಹಳೆಯವು ಉಬ್ಬುತ್ತವೆ. ಶೇ 20 ಬೆಳೆಯಿತು ಅಂತಿಟ್ಟುಕೊಂಡರೆ 144 ಪಾಯಿಂಟ್. ಆಗ 8ರಿಂದ 11 ಸ್ಪ್ರಿಂಟ್, ಅಂದರೆ 16ರಿಂದ 22 ವಾರ. ಕೇಳಿದವರಿಗೆ ಈ ಹರವು ಇಷ್ಟವಾಗುವುದಿಲ್ಲ, ಗೊತ್ತು. ‘ಒಂದು ಡೇಟ್ ಹೇಳಿ ಸಾಕು’ ಎನ್ನುತ್ತಾರೆ. ಸಾಫ್ಟ್‌ವೇರ್ ಅಂದಾಜಿನ ಬಗ್ಗೆ ಬ್ಯಾರಿ ಬೋಮ್ 1981ರಲ್ಲೇ ತೋರಿಸಿದ ಚಿತ್ರದ ಪ್ರಕಾರ, ತೀರಾ ಆರಂಭದ ಹಂತದಲ್ಲಿ ಅಂದಾಜು ನಾಲ್ಕು ಪಟ್ಟಾಗಬಹುದು, ಇಲ್ಲವೇ ಕಾಲು ಭಾಗಕ್ಕೆ ಇಳಿಯಬಹುದು. ಅದಕ್ಕೆ ಹೋಲಿಸಿದರೆ 16ರಿಂದ 22 ವಾರ ಎಂಬುದು ಧೈರ್ಯದ ಮಾತೇ ಸರಿ.

ಡೇಟ್ ಮೊದಲೇ ಗಟ್ಟಿಯಾಗಿದ್ದರೆ ಲೆಕ್ಕವನ್ನು ತಿರುಗಿಸಿ. ಕ್ಲಿನಿಕ್‌ನ ಹೊಸ ಕಟ್ಟಡ 16 ವಾರಕ್ಕೆ ತೆರೆಯುತ್ತದೆ, ಆ್ಯಪ್ ಆಗ ಇರಲೇಬೇಕು. ಅಂದರೆ 8 ಸ್ಪ್ರಿಂಟ್. ಕಡಿಮೆ ಎಂದರೆ 112 ಪಾಯಿಂಟ್, ಜಾಸ್ತಿ ಎಂದರೆ 152. ಸ್ಟೋರಿಗಳನ್ನು ಒಂದೇ ಸಾಲಿನಲ್ಲಿ ಕ್ರಮವಾಗಿ ಜೋಡಿಸಿ, ಮೇಲಿನಿಂದ ಎಣಿಸುತ್ತಾ 112ರಲ್ಲಿ ಒಂದು ಗೆರೆ, 152ರಲ್ಲಿ ಇನ್ನೊಂದು ಗೆರೆ ಎಳೆಯಿರಿ. ಮೊದಲ ಗೆರೆಯ ಮೇಲಿನದು ಬಹುತೇಕ ಖಚಿತ. ನಡುವಿನದು ನೋಡೋಣ. ಎರಡನೆಯದರ ಕೆಳಗಿನದು ಇಲ್ಲ. ಎರಡು ಸ್ಟೋರಿ ಒಂದೇ ಜಾಗದಲ್ಲಿ ಕೂರುವಂತಿಲ್ಲ, ಯಾವುದು ಮೇಲೆ ಎಂದು ಹೇಳಲೇಬೇಕು. ಆಗ ಆ ‘ಹೈ’ ಕಾಲಂನ ಆಟ ನಡೆಯುವುದಿಲ್ಲ. ಡೇಟ್ ಗಟ್ಟಿ, ಸ್ಕೋಪ್ (ಏನೇನು ಮಾಡಬೇಕು ಎಂಬುದು) ಗಟ್ಟಿ, ಜನರೂ ಇಷ್ಟೇ ಎನ್ನುವ ಕಡೆ ಕೊನೆಗೆ ಕಡಿತವಾಗುವುದು ಟೆಸ್ಟಿಂಗ್. ಅದರ ಫಲ ರಿಲೀಸ್ ಆದ ಮೇಲೆ ಫೋನ್ ಎತ್ತುವವರಿಗೆ.

ಇಲ್ಲಿ ಯಾರ ಮಾತು ಎಲ್ಲಿ ನಡೆಯಬೇಕು ಎಂಬುದು ಸ್ಪಷ್ಟವಿರಬೇಕು. ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಅಜೈಲ್ ಪದ್ಧತಿ ಶುರು ಮಾಡಿದ ಕೆಂಟ್ ಬೆಕ್ 1990ರ ದಶಕದಲ್ಲೇ ಇದನ್ನು ಬಗೆಹರಿಸಿದ್ದರು. ಏನು ಬೇಕು, ಯಾವುದು ಮೊದಲು ಎಂದು ಹೇಳುವುದು ಬಿಸಿನೆಸ್‌ನವರು. ಅದಕ್ಕೆ ಎಷ್ಟು ಶ್ರಮ ಎಂದು ಹೇಳುವುದು ಮಾಡುವವರು. ‘ಇದು 8 ಅಲ್ಲ, 5 ಹಾಕಿ’ ಎಂದು ಮ್ಯಾನೇಜರ್ ಹೇಳಿದರೆ ಟೀಮ್ 5 ಹಾಕುತ್ತದೆ, ಅದಕ್ಕೇನು. ಕೆಲಸ ಮಾತ್ರ 8 ಇದ್ದದ್ದು 8ರಲ್ಲೇ ಉಳಿಯುತ್ತದೆ. ಹಾಗೆಯೇ ಡೆವಲಪರ್‌ಗೆ ಹೊಸ ಟೆಕ್ನಾಲಜಿ ಮೇಲೆ ಆಸೆ ಎಂದು ಸ್ಟೋರಿಯ ಕ್ರಮ ಬದಲಾಗಬಾರದು. ಹೆಚ್ಚಿನವರು ಮೊದಲನೆಯದನ್ನು ದೂರುತ್ತಾರೆ, ಎರಡನೆಯದನ್ನು ಮುಚ್ಚಿಡುತ್ತಾರೆ.

ಕೆಳಗೆ ಉಳಿದ ನೋಟ್‌ಗಳನ್ನು ಏನು ಮಾಡುವುದು? ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ. ಟೇಪಿನ ಕೆಳಗಿನ ಮೊದಲ ಹತ್ತು ಹದಿನೈದನ್ನು ಕೆಲಸದ ಪಟ್ಟಿ ಇಡುವ ಜೀರಾ ಸಾಫ್ಟ್‌ವೇರ್‌ನಲ್ಲೋ ಬೇರೆ ಟೂಲ್‌ನಲ್ಲೋ ಹಾಕಿ. ಉಳಿದದ್ದನ್ನು ಬಿಟ್ಟುಬಿಡಿ. ಈ ಮಾತಿಗೆ ಪ್ರಾಡಕ್ಟ್ ಓನರ್‌ಗಳು ಬೆಚ್ಚಿಬೀಳುತ್ತಾರೆ. ನಿಜವಾಗಿ ಬೇಕಾದದ್ದು ಮತ್ತೆ ಕೇಳಿಬಂದೇ ಬರುತ್ತದೆ, ಆಗ ಅದಕ್ಕೆ ಒಳ್ಳೆಯ ಕಾರಣವೂ ಜೊತೆಗೇ ಬಂದಿರುತ್ತದೆ. ಯಾರೂ ಮತ್ತೆ ಕೇಳದೇ ಇದ್ದದ್ದನ್ನು ಬ್ಯಾಕ್‌ಲಾಗ್ ತಿದ್ದುವ ಪ್ರತಿ ರಿಫೈನ್‌ಮೆಂಟ್ ಮೀಟಿಂಗ್‌ನಲ್ಲಿ ತೆರೆದು, ನೋಡಿ, ಮುಚ್ಚುವುದರಲ್ಲಿ ಎಷ್ಟು ಹೊತ್ತು ಹೋಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ಎರಡು ಗೆರೆಗಳ ವಿಷಯ ಮಾತ್ರ ಬಿಡಬೇಡಿ. ಪ್ರತಿ ಸ್ಪ್ರಿಂಟ್ ಮುಗಿದ ಮೇಲೆ ಮುಗಿದದ್ದನ್ನು ತೆಗೆದು, ಹೊಸ ವೆಲಾಸಿಟಿ ಹಾಕಿ, ಗೆರೆಗಳನ್ನು ಮತ್ತೆ ಎಳೆಯಬೇಕು. ಹತ್ತು ನಿಮಿಷದ ಕೆಲಸ. ಮುಗಿದ ಕೆಲಸ ತೋರಿಸುವ ಸ್ಪ್ರಿಂಟ್ ರಿವ್ಯೂಗೆ ದುಡ್ಡು ಹಾಕುವವರೂ ಬಂದಿರುತ್ತಾರೆ, ಅವರ ಮುಂದೆಯೇ ಮಾಡಿ. ಎರಡೂ ಗೆರೆ ಹತ್ತಿರ ಹತ್ತಿರ ಬರುತ್ತಿದ್ದರೆ ಪ್ಲ್ಯಾನ್ ಗಟ್ಟಿಯಾಗುತ್ತಿದೆ ಎಂದು ಅರ್ಥ. ಐದು ಸ್ಪ್ರಿಂಟ್ ಕಳೆದರೂ ದೂರ ದೂರವೇ ಇದ್ದರೆ ಸ್ಟೋರಿಗಳು ತೀರಾ ದೊಡ್ಡವಿರಬಹುದು, ಇಲ್ಲವೇ ಟೀಮ್‌ನವರನ್ನು ನಡುನಡುವೆ ಯಾರೋ ಬೇರೆ ಕೆಲಸಕ್ಕೆ ಎಳೆಯುತ್ತಿರಬಹುದು. ಮೊದಲು ಎರಡನೆಯದನ್ನು ವಿಚಾರಿಸಿ. ಮೇಲಿನ ಗೆರೆ ಏರಿ, ಖಚಿತ ಎಂದು ಹೇಳಿದ್ದ ಸ್ಟೋರಿಯೊಂದು ಅದರ ಕೆಳಗೆ ಬಿದ್ದರೆ ಆ ಸ್ಟೋರಿ ಕೇಳಿದವರಿಗೆ ಅದೇ ವಾರ ಫೋನ್ ಮಾಡಿ ತಿಳಿಸಿ. ಅವರು ಬೇರೊಂದನ್ನು ಕೆಳಗಿಳಿಸಿ ತಮ್ಮದನ್ನು ಮೇಲೆತ್ತಲು ಒಪ್ಪಬಹುದು, ಅಥವಾ ಎರಡು ತಿಂಗಳು ಕೈಯಲ್ಲೇ ನಡೆಸುತ್ತೇವೆ ಎನ್ನಬಹುದು. ರಿಲೀಸ್‌ಗೆ ವಾರ ಇರುವಾಗ ಹೇಳಿದರೆ ಇವೆರಡರಲ್ಲಿ ಒಂದಕ್ಕೂ ಅವರಿಗೆ ಸಮಯ ಉಳಿದಿರುವುದಿಲ್ಲ.